ಕಟ್ಟ ಕಟ್ಟಿದ್ದಕ್ಕೆ ಪಾಯಿಂಟ್ ಕೊಡ್ತಾರಾ?

ವಿಷಯ ಶುರುವಾದದ್ದು ನಮ್ಮ ಸಂಘದ ತಿಂಗಳ ಮೀಟಿಂಗಿನಲ್ಲಿ. ಅಜೆಂಡಾದಲ್ಲಿ ಇದ್ದದ್ದು ರಾಜ್ಯೋತ್ಸವದ ಖರ್ಚಿನ ಲೆಕ್ಕ, ಮಾತು ಹೋದದ್ದು ಬೇರೆಲ್ಲಿಗೋ. ಎರಡನೇ ಮಹಡಿಯ ಲ್ಯಾಬಿನ 60 ಕಂಪ್ಯೂಟರುಗಳು ಸಂಜೆಯಿಂದ ಬೆಳಿಗ್ಗೆಯವರೆಗೆ ಸುಮ್ಮನೆ ಕೂತಿರುತ್ತವಲ್ಲ, ಅವನ್ನು ಬೋಯಿಂಕ್‌ಗೆ ಜೋಡಿಸಿ ವಿಜ್ಞಾನದ ಕೆಲಸಕ್ಕೆ ಯಾಕೆ ಕೊಡಬಾರದು ಅಂತ ಒಬ್ಬರು ಕೇಳಿದರು. ಎಲ್ಲರಿಗೂ ಖುಷಿಯಾಯ್ತು. ಆ ಖುಷಿ ಐದು ನಿಮಿಷ ಬಾಳಿತು. ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: "ಇದಕ್ಕೆ ಆ್ಯಕ್ಟಿವಿಟಿ ಪಾಯಿಂಟ್ ಸಿಗ್ತದಾ?"

(ಕನ್ನಡ ಸಂಘಕ್ಕೂ ಇದಕ್ಕೂ ಎಂತ ಸಂಬಂಧ ಅಂತ ಕೇಳಬೇಡಿ. ಎಲ್ಲ ಬ್ರಾಂಚಿನವರೂ ಒಟ್ಟಿಗೆ ಕೂತು ಜಗಳ ಮಾಡುವ ಜಾಗ ನಮ್ಮ ಕಾಲೇಜಿನಲ್ಲಿ ಇದೊಂದೇ.)

ಹೊಸದಾಗಿ ಸೇರಿದವರಿಗೆ ಹೇಳುವುದಾದರೆ, ಎಐಸಿಟಿಇ ನಿಯಮದ ಪ್ರಕಾರ ವಿಟಿಯು ಅಡಿಯಲ್ಲಿ ಓದುವ ನಾವೆಲ್ಲ ನಾಲ್ಕು ವರ್ಷದಲ್ಲಿ 100 ಆ್ಯಕ್ಟಿವಿಟಿ ಪಾಯಿಂಟ್ ಸೇರಿಸಬೇಕು. ಡಿಪ್ಲೊಮಾ ಮುಗಿಸಿ ಎರಡನೇ ವರ್ಷಕ್ಕೆ ಬಂದವರಿಗೆ 75. ಗಿಡ ನೆಡುವುದು, ಹಳ್ಳಿಗೆ ಹೋಗಿ ಸರ್ವೆ ಮಾಡುವುದು, ಸ್ವಚ್ಛತೆ, ಹೀಗೆ. ಉದ್ದೇಶ ಒಳ್ಳೆಯದೇ. ಆದರೆ ಕೊನೆಯ ಸೆಮಿಸ್ಟರಿನಲ್ಲಿ ಒಂದೇ ಗಿಡದ ಪಕ್ಕ ಹನ್ನೆರಡು ಜನ ಸರದಿಯಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವುದನ್ನು ನಾವು ಕಂಡಿದ್ದೇವೆ. ಸುಳ್ಳು ಯಾಕೆ, ಆ ಹನ್ನೆರಡರಲ್ಲಿ ನಾವೂ ಇದ್ದೆವು.

ಮೀಟಿಂಗು ಎರಡು ಹೋಳಾಯಿತು. ಪಾಯಿಂಟ್ ಇಲ್ಲದಿದ್ದರೆ ಒಬ್ಬನೂ ಬರುವುದಿಲ್ಲ ಅಂತ ಒಂದು ಪಂಗಡ. ಪಾಯಿಂಟ್ ಕೊಟ್ಟರೆ ಬರಬಾರದವರೆಲ್ಲ ಬರ್ತಾರೆ ಅಂತ ಇನ್ನೊಂದು. ಆಗ ಅಷ್ಟು ಹೊತ್ತು ಬಾಯಿ ಬಿಡದೆ ಕೂತಿದ್ದ ನಮ್ಮ ಮುಂಡಾಜೆಯ ಗೆಳೆಯ, "ನಮ್ಮೂರಲ್ಲಿ ತೋಡಿಗೆ ಕಟ್ಟ ಕಟ್ಟಿದ್ದಕ್ಕೆ ಯಾರಾದ್ರೂ ಪಾಯಿಂಟ್ ಕೊಡ್ತಾರಾ ಮಾರಾಯ?" ಅಂದ. ಎಲ್ಲರೂ ನಕ್ಕೆವು. ಆದರೆ ಆ ಮಾತು ನಮ್ಮನ್ನು ಬಿಡಲಿಲ್ಲ. ಈ ಲೇಖನ ಬರೆಯುತ್ತಿರುವ ನಾವು ನಾಲ್ಕು ಜನ ಆಮೇಲೆ ಅವನ ಮನೆಗೂ ಹೋಗಿ ಬಂದೆವು, ಲೈಬ್ರರಿಯಲ್ಲೂ ಕೂತೆವು. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ಬೋಯಿಂಕ್ ಬೇಕು, ಮಾಡಿದವರ ಹೆಸರು ಎಲ್ಲರಿಗೂ ಕಾಣಬೇಕು, ಆದರೆ ಪಾಯಿಂಟ್ ಬೇಡ.

ಮೊದಲು ಬೋಯಿಂಕ್ ಅಂದರೆ ಎಂತ ಅಂತ ನೋಡುವ. 1999ರ ಮೇ 17ಕ್ಕೆ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಸೆಟಿ ಅಟ್ ಹೋಮ್ ಅಂತ ಒಂದು ಸ್ಕ್ರೀನ್‌ಸೇವರ್ ಬಿಟ್ಟರು. ಪೋರ್ಟೊ ರಿಕೊದ ಅರೆಸಿಬೊ ದೂರದರ್ಶಕ ಹಿಡಿದ ರೇಡಿಯೊ ಸಿಗ್ನಲ್ಲುಗಳಲ್ಲಿ ಬೇರೆ ಲೋಕದವರ ಸದ್ದು ಉಂಟಾ ಅಂತ ಹುಡುಕಬೇಕಿತ್ತು, ಅದಕ್ಕೆ ಬೇಕಾದ ಸೂಪರ್ ಕಂಪ್ಯೂಟರ್ ಅವರಲ್ಲಿರಲಿಲ್ಲ. ಹಾಗಾಗಿ ಡೇಟಾವನ್ನು ಸಣ್ಣ ಸಣ್ಣ ತುಂಡು ಮಾಡಿ ಜನರ ಮನೆಯ ಕಂಪ್ಯೂಟರಿಗೆ ಕಳಿಸಿದರು. ಒಂದು ತುಂಡು ಸುಮಾರು 340 ಕೆಬಿ. ನಾವು ಊಟಕ್ಕೆ ಎದ್ದು ಹೋದಾಗ ಕಂಪ್ಯೂಟರು ಲೆಕ್ಕ ಮಾಡಿ ಉತ್ತರ ವಾಪಸು ಕಳಿಸುತ್ತದೆ. ಐವತ್ತು ಲಕ್ಷಕ್ಕೂ ಹೆಚ್ಚು ಜನ ಸೇರಿದರು. ಅನ್ಯಲೋಕದವರು ಸಿಗಲಿಲ್ಲ, 2020ರ ಮಾರ್ಚ್ 31ಕ್ಕೆ ತುಂಡು ಹಂಚುವುದನ್ನು ನಿಲ್ಲಿಸಿದರು. ಆದರೆ ಅದರ ಹೊಟ್ಟೆಯಿಂದ ಹುಟ್ಟಿದ ಬೋಯಿಂಕ್ ಎಂಬ ಸಾಫ್ಟ್‌ವೇರ್ ಈಗಲೂ ಉಂಟು. ಡೇವಿಡ್ ಆಂಡರ್ಸನ್ ಅವರ ತಂಡ ಮಾಡಿದ್ದು. ಐನ್‌ಸ್ಟೈನ್ ಅಟ್ ಹೋಮ್, ರೊಸೆಟ್ಟಾ, ಸರ್ನ್‌ನವರ ಎಲ್‌ಎಚ್‌ಸಿ ಅಟ್ ಹೋಮ್ ಎಲ್ಲ ಅದರ ಮೇಲೆ ಓಡಿದ ಯೋಜನೆಗಳು.

ಇಲ್ಲಿ ಸ್ವಾರಸ್ಯ ಇರುವುದು ಕಂಪ್ಯೂಟರಿನಲ್ಲಿ ಅಲ್ಲ, ಜನರಲ್ಲಿ. ಕರೆಂಟ್ ಬಿಲ್ಲು ತಾವೇ ಕಟ್ಟಿ, ಯಾರೋ ಕಾಣದವರಿಗಾಗಿ ಇಷ್ಟು ಜನ ಯಾಕೆ ಯಂತ್ರ ಓಡಿಸಿದರು?

ಸೆಟಿಯವರು ಯಾರು ಎಷ್ಟು ತುಂಡು ಮುಗಿಸಿದರು ಅಂತ ಪಟ್ಟಿ ಹಾಕುತ್ತಿದ್ದರು. ಆ ಪಟ್ಟಿಯಲ್ಲಿ ಮೇಲೇರಲಿಕ್ಕೆ ಕೆಲವರು ಪ್ರೋಗ್ರಾಮನ್ನೇ ತಿದ್ದಿ, ಲೆಕ್ಕ ಮಾಡದೆ ಸುಳ್ಳು ಉತ್ತರ ಕಳಿಸಲು ಶುರು ಮಾಡಿದರು! ಹಣ ಇಲ್ಲ, ಬಹುಮಾನ ಇಲ್ಲ, ಬರೀ ಒಂದು ಅಂಕಿ. ಅದಕ್ಕೂ ಕಳ್ಳತನ. ಕೊನೆಗೆ ಒಂದೇ ತುಂಡನ್ನು ಒಂದಕ್ಕಿಂತ ಹೆಚ್ಚು ಕಂಪ್ಯೂಟರಿಗೆ ಕಳಿಸಿ ಉತ್ತರ ತಾಳೆ ನೋಡುವ ಪದ್ಧತಿ ಬಂತು. ಕೆಟ್ಟ ಮೆಮೊರಿ, ಅತಿ ಬಿಸಿಯಾದ ಪ್ರೊಸೆಸರಿನಿಂದ ಆಗುವ ತಪ್ಪು ಹಿಡಿಯಲಿಕ್ಕೂ ಅದು ಬೇಕಿತ್ತು, ನಿಜ. ಆದರೂ ಲೆಕ್ಕ ಹಾಕಿ: ಒಂದು ಕೆಲಸವನ್ನು ಎರಡು ಸಲ ಮಾಡಿಸಿದರೆ ದಾನ ಬಂದ ಶಕ್ತಿಯಲ್ಲಿ ಅರ್ಧ ಪಹರೆಗೇ ಹೋಯಿತು.

ಹಾಗಾದರೆ ಅಂಕಿಯೇ ಕೆಟ್ಟದ್ದು, ಪಟ್ಟಿಯೇ ಬೇಡ ಅಂತ ಹೇಳಬಹುದಾ? ನಾವೂ ಮೊದಲು ಹಾಗೇ ಅಂದುಕೊಂಡೆವು. ಆಮೇಲೆ ಹಗ್ಗದ ಕಥೆ ಓದಿದೆವು.

ಮೊಸರುಕುಡಿಕೆಯ ದಿನ ಹಗ್ಗ ಜಗ್ಗಾಟ ನೋಡಿದವರಿಗೆ ಇದು ಬೇಗ ಅರ್ಥವಾಗ್ತದೆ. ಮ್ಯಾಕ್ಸ್ ರಿಂಗೆಲ್ಮನ್ ಅಂತ ಫ್ರಾನ್ಸಿನ ಒಬ್ಬ ಕೃಷಿ ಇಂಜಿನಿಯರ್, ನಮ್ಮ ಜಾತಿಯವನೇ ಅನ್ನಿ, ಒಬ್ಬೊಬ್ಬರೇ ಎಳೆದಾಗ ಎಷ್ಟು ಬಲ, ಗುಂಪಾಗಿ ಎಳೆದಾಗ ಎಷ್ಟು ಅಂತ ಅಳೆದು 1913ರಲ್ಲಿ ಪ್ರಕಟಿಸಿದ. ಒಬ್ಬನ ಬಲ 100 ಅಂತ ಹಿಡಿದರೆ, ಇಬ್ಬರಿದ್ದಾಗ ತಲಾ 93, ಮೂವರಿದ್ದಾಗ 85, ಎಂಟು ಜನ ಸೇರಿದಾಗ ತಲಾ 49. ಅಂದರೆ ಎಂಟು ಜನರ ಗುಂಪು ಎಳೆಯುವುದು ನಾಲ್ಕು ಜನರಷ್ಟೇ! ಒಂದೇ ತಾಳಕ್ಕೆ ಎಳೆಯದ್ದರಿಂದ ಆದ ನಷ್ಟ ಇರಬಹುದು ಅನ್ನಬಹುದು. ಸ್ವಲ್ಪ ಅದೂ ಹೌದು. ಆದರೆ 1974ರಲ್ಲಿ ಆ್ಯಲನ್ ಇಂಗಮ್ ಮತ್ತು ಜತೆಗಾರರು ಒಬ್ಬನಿಗೆ ಕಣ್ಣು ಕಟ್ಟಿ, ಹಿಂದೆ ಇನ್ನೂ ಜನ ಎಳೀತಿದ್ದಾರೆ ಅಂತ ನಂಬಿಸಿದರು. ಹಿಂದೆ ಎಳೆಯುವವರು ಯಾರೂ ಇಲ್ಲ, ಆದರೂ ಅವನ ಬಲ ಇಳಿಯಿತು. 1979ರಲ್ಲಿ ಬಿಬ್ ಲಟಾನೆ ಮತ್ತಿಬ್ಬರು ಇದನ್ನೇ ಅಮೆರಿಕದ ಕಾಲೇಜು ಹುಡುಗರ ಬೊಬ್ಬೆಯಲ್ಲಿ ನೋಡಿದರು. ಇನ್ನೂ ಐದು ಜನ ತನ್ನ ಜತೆ ಕೂಗುತ್ತಿದ್ದಾರೆ ಅಂತ ನಂಬಿದವನು ಒಬ್ಬನೇ ಇದ್ದಾಗಿನ ಶೇ. 74ರಷ್ಟು ಮಾತ್ರ ಕೂಗಿದ. ಮೋಸ ಮಾಡಬೇಕು ಅಂತ ಅಲ್ಲ, ಅವನಿಗೇ ಗೊತ್ತಿಲ್ಲದೆ.

ಎರಡು ವರ್ಷದ ಮೇಲೆ ಅದೇ ತಂಡ ಇನ್ನೊಂದು ಪ್ರಯೋಗ ಮಾಡಿತು. ನಿಮ್ಮ ನಿಮ್ಮ ಧ್ವನಿಯನ್ನು ಬೇರೆ ಬೇರೆಯಾಗಿಯೇ ಅಳೆಯುತ್ತೇವೆ ಅಂತ ಹೇಳಿದರು. ಗುಂಪಿನಲ್ಲಿದ್ದರೂ ಸೋಮಾರಿತನ ಮಾಯ. ಬಹುಮಾನ ಕೊಟ್ಟಿಲ್ಲ, ದಂಡ ಹಾಕಿಲ್ಲ. ನಿನ್ನದು ಯಾವುದು ಅಂತ ಗೊತ್ತಾಗ್ತದೆ ಅಂದದ್ದಷ್ಟೆ.

ಇದು ನಮಗೆ ನಾಟಿದ್ದು ಯಾಕೆ ಅಂದರೆ, ಹೋದ ವರ್ಷ ನಾವೇ ಈ ತಪ್ಪು ಮಾಡಿದ್ದೆವು. ಪ್ರಾಜೆಕ್ಟಿಗೆ ಅಂತ ಎಲ್ಲರೂ ಹಂಚಿಕೊಳ್ಳುವ ಒಂದು ಜಿಪಿಯು ಮೆಷಿನ್ ಉಂಟಲ್ಲ, ಅದರಲ್ಲಿ ನೋಟ್‌ಬುಕ್ ತೆರೆದಿಟ್ಟು ಹಾಸ್ಟೆಲಿಗೆ ಹೋಗಿ ಮಲಗುವವರು ಜಾಸ್ತಿಯಾದರು. ಕೋಡ್ ಓಡುತ್ತಿಲ್ಲ, ಮೆಮೊರಿ ಮಾತ್ರ ಹಿಡಿದು ಕೂತಿದೆ. ಬಸ್ಸಿನ ಸೀಟಿಗೆ ಕರ್ಚೀಫು ಹಾಕಿದ ಹಾಗೆ. ನಾವು ಬುದ್ಧಿವಂತರು ಒಂದು ನಿಯಮ ತಂದೆವು: ರಾತ್ರಿಯಿಡೀ ಸುಮ್ಮನೆ ಹಿಡಿದಿಟ್ಟರೆ ಚಹಾ ಫಂಡಿಗೆ ₹20. ಎರಡು ವಾರದಲ್ಲಿ ಚಹಾ ಫಂಡಿನಲ್ಲಿ ₹640 ಆಯ್ತು, ಜಿಪಿಯು ಮೊದಲಿಗಿಂತ ತುಂಬಿತು. ಮೊದಲೆಲ್ಲ "ಸಾರಿ ಮಾರಾಯ, ಮರೆತೇ ಹೋಯ್ತು" ಅನ್ನುತ್ತಿದ್ದವರು ಈಗ "₹20 ಕೊಟ್ಟಿದ್ದೇನಲ್ಲ" ಅನ್ನಲು ಶುರು ಮಾಡಿದರು. ರಾತ್ರಿಯಿಡೀ ಜಿಪಿಯು ₹20ಕ್ಕೆ, ಯಾವ ಕ್ಲೌಡಿನವನು ಕೊಡ್ತಾನೆ?

ನಮ್ಮ ದಡ್ಡತನಕ್ಕೆ ಆಗಲೇ ಹೆಸರಿತ್ತು ಅಂತ ಆಮೇಲೆ ಗೊತ್ತಾಯ್ತು. ಇಸ್ರೇಲಿನ ಹೈಫಾ ನಗರದ 10 ಶಿಶುವಿಹಾರಗಳಲ್ಲಿ ಯೂರಿ ಗ್ನೀಜಿ ಮತ್ತು ಆಲ್ಡೊ ರುಸ್ತಿಕಿನಿ ಮಾಡಿದ ಅಧ್ಯಯನ, ಪ್ರಕಟವಾದದ್ದು 2000ದಲ್ಲಿ. ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಗೆ 6 ಕಡೆ ಸಣ್ಣ ದಂಡ ಹಾಕಿದರು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಹೆಚ್ಚುಕಡಿಮೆ ದುಪ್ಪಟ್ಟಾದರು. ಕಾಯುತ್ತಿರುವ ಟೀಚರ ಮುಖ ನೋಡಿ ಆಗುತ್ತಿದ್ದ ನಾಚಿಕೆ ಈಗ ಒಂದು ಸೇವೆಯ ಬೆಲೆಯಾಗಿತ್ತು. ಹೆಚ್ಚು ಹೆದರಿಕೆ ಹುಟ್ಟಿಸುವುದು ಮುಂದಿನದ್ದು: ದಂಡ ತೆಗೆದ ಮೇಲೂ ಜನ ಹಳೇ ಅಭ್ಯಾಸಕ್ಕೆ ಮರಳಲಿಲ್ಲ. ನಮ್ಮಲ್ಲೂ ಅದೇ ಆಯ್ತು. ದಂಡ ರದ್ದು ಮಾಡಿದೆವು, ನೋಟ್‌ಬುಕ್ಕುಗಳು ಹಾಗೇ ತೆರೆದಿದ್ದವು. ಸ್ವಲ್ಪ ಸರಿಯಾದದ್ದು ಲ್ಯಾಬಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ ಮೇಲೆ. ಹೆಸರು, ಎಂತ ಕೆಲಸ, ಎಷ್ಟು ಗಂಟೆಯವರೆಗೆ. ಬೇರೆ ಏನೂ ಇಲ್ಲ. ಪೂರ್ತಿ ಸರಿಯಾಯ್ತು ಅಂತ ಹೇಳುವುದಿಲ್ಲ, ಹಾಳೆಯಲ್ಲಿ ಈಗಲೂ ಒಬ್ಬ "ಡೀಪ್ ಲರ್ನಿಂಗ್, ಕೊನೆಯವರೆಗೆ" ಅಂತ ಬರೆದಿದ್ದಾನೆ.

ಈಗ ಮುಂಡಾಜೆಗೆ ಹೋಗುವ. ಉಜಿರೆ ದಾಟಿ ಚಾರ್ಮಾಡಿ ಘಾಟಿಯ ಕಡೆ ಹೋಗುವಾಗ ಸಿಗುವ ಊರು, ಅಡಿಕೆ ತೋಟಗಳ ಊರು. ಡಿಸೆಂಬರಿನ ಒಂದು ಆದಿತ್ಯವಾರ ನಾವು ಹೋದಾಗ ಗೆಳೆಯನ ತೋಟದ ಕೆಳಗಿನ ತೋಡಿನಲ್ಲಿ ಕಟ್ಟ ಕಟ್ಟುವ ಕೆಲಸ ನಡೆಯುತ್ತಿತ್ತು. ಆ ತೋಡು ಮುಂದೆ ಹೋಗಿ ಮೃತ್ಯುಂಜಯ ಹೊಳೆ ಸೇರುತ್ತದೆ. ಮಳೆ ನಿಂತು ನೀರಿನ ಓಟ ಇಳಿದ ಮೇಲೆ ಅಡ್ಡಲಾಗಿ ಕಟ್ಟುವ ತಾತ್ಕಾಲಿಕ ಒಡ್ಡು ಅದು. ಹಿಂದೆ ಕಾಡುಕಲ್ಲು, ಮಣ್ಣು, ಅಡಿಕೆ ಮರದ ಸಲಾಕೆ. ಈಗ ಮರಳು ತುಂಬಿದ ಸಿಮೆಂಟ್ ಚೀಲ, ಪ್ಲಾಸ್ಟಿಕ್ ಶೀಟು. ನೀರು ನಿಲ್ಲುತ್ತದೆ, ಇಂಗುತ್ತದೆ, ಆಚೀಚಿನ ಬಾವಿಗಳಲ್ಲಿ ಏಪ್ರಿಲಿನವರೆಗೂ ನೀರಿರುತ್ತದೆ. ಮುಂದಿನ ಮಳೆಗೆ ಕಟ್ಟ ಹೋಗುತ್ತದೆ, ಮುಂದಿನ ಡಿಸೆಂಬರಿಗೆ ಮತ್ತೆ ಕಟ್ಟಬೇಕು. ಗಡಿಯಾಚೆ ಕಾಸರಗೋಡಿನ ಏತಡ್ಕದ ಕಟ್ಟಗಳ ಬಗ್ಗೆ ಶ್ರೀಪಡ್ರೆಯವರು ಬರೆದದ್ದು ನಮ್ಮಲ್ಲಿ ಕೆಲವರು ಓದಿರಬಹುದು.

ಗಮನಿಸಿ, ಇದೂ ನಮ್ಮ ಸೆಟಿಯ ಹಾಗೆಯೇ. ಇಂಗಿದ ನೀರಿಗೆ ಸರ್ವೆ ನಂಬರ್ ಗೊತ್ತಿಲ್ಲ. ಕೆಲಸಕ್ಕೆ ಬಂದವನ ಬಾವಿಗೂ ಬರ್ತದೆ, ಬಾರದವನ ಬಾವಿಗೂ ಬರ್ತದೆ. ಸುಮ್ಮನೆ ಮನೆಯಲ್ಲಿ ಕೂತರೆ ಲಾಭ. ಮತ್ತೆ ಯಾಕೆ ಬರ್ತಾರೆ? ಗೆಳೆಯನ ಅಪ್ಪನನ್ನು ಕೇಳಿದೆವು. ಅವರಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಬಾರದೆ ಇದ್ರೆ ಕಾಣ್ತದಲ್ಲ," ಅಂದರು. ಕಟ್ಟದ ಮೇಲೆ ನಿಂತದ್ದು ಎಂಟೊಂಬತ್ತು ಜನ. ಹತ್ತು ಗಂಟೆಗೆ ಅವಲಕ್ಕಿ, ಮಜ್ಜಿಗೆ ಬಂತು. ಆಗ ಆ ಕಡೆ ಮನೆಯವರು ಯಾಕೆ ಬರಲಿಲ್ಲ ಅಂತ ಮಾತು ಬಂತು. ಯಾರೂ ಬೈಯಲಿಲ್ಲ. ಜ್ವರ ಅಂತೆ ಅಂತ ಒಬ್ಬರು ಹೇಳಿದರು, ಮಾತು ಅಲ್ಲಿಗೆ ಮುಗಿಯಿತು. ಮಧ್ಯಾಹ್ನ ಅವರ ಮನೆಯಿಂದ ಮಗ ಬಂದು ಚೀಲ ಹೊತ್ತ.

ಅಡಿಕೆ ಸುಲಿಯಲಿಕ್ಕೆ, ನೇಜಿ ನೆಡಲಿಕ್ಕೆ ಮುಯ್ಯಾಳು ಅಂತ ಇತ್ತಲ್ಲ, ನೀನು ನನ್ನಲ್ಲಿಗೆ ಬಾ, ನಾನು ನಿನ್ನಲ್ಲಿಗೆ ಬರುತ್ತೇನೆ, ಅದರ ಲೆಕ್ಕವೂ ಹೀಗೇ. ಪುಸ್ತಕದಲ್ಲಿ ಇಲ್ಲ, ಎಲ್ಲರ ತಲೆಯಲ್ಲಿ ಉಂಟು. ಅದು ಗುರುತಿನ ಲೆಕ್ಕ, ಕೂಲಿಯ ಲೆಕ್ಕ ಅಲ್ಲ. ನಮ್ಮ ವಾದ ಪೂರ್ತಿ ನಿಂತಿರುವುದು ಈ ಒಂದು ವ್ಯತ್ಯಾಸದ ಮೇಲೆ.

ಬೋಯಿಂಕಿನ ಕ್ರೆಡಿಟ್ ಕೂಡ ಪಾಯಿಂಟೇ ಅಲ್ವಾ ಅಂತ ನೀವು ಕೇಳಬಹುದು. ಹೌದು. ಅದರ ಅಳತೆಗೆ ಕಾಬಲ್‌ಸ್ಟೋನ್ ಅಂತ ಹೆಸರು ಕೂಡ ಉಂಟು, ಸೆಟಿಯ ಜೆಫ್ ಕಾಬ್ ಅವರ ಹೆಸರಿನಿಂದ ಬಂದದ್ದು. ಒಂದು ಗಿಗಾಫ್ಲಾಪ್ ವೇಗದ ಯಂತ್ರ ದಿನವಿಡೀ ಓಡಿದರೆ 200. ಆದರೆ ಅದನ್ನು ಕೊಟ್ಟು ಒಂದು ಚಹಾ ಕುಡಿಯಲಿಕ್ಕಾಗುವುದಿಲ್ಲ. ಇದನ್ನು ಮಾಡಿದವ ನಾನು ಅಂತ ಹೇಳುತ್ತದೆ, ಅಷ್ಟೇ. 2010ರಲ್ಲಿ ಐನ್‌ಸ್ಟೈನ್ ಅಟ್ ಹೋಮ್ ಸೆಕೆಂಡಿಗೆ ಸುಮಾರು 41 ಸುತ್ತು ತಿರುಗುವ ಒಂದು ಪಲ್ಸಾರ್ ನಕ್ಷತ್ರ ಕಂಡುಹಿಡಿಯಿತು. ಸಿಗ್ನಲ್ ಸಿಕ್ಕಿದ್ದು ಅಯೋವಾದ ಒಂದು ದಂಪತಿಯ ಮತ್ತು ಜರ್ಮನಿಯ ಒಬ್ಬರ ಕಂಪ್ಯೂಟರಿನಲ್ಲಿ, ಅವರ ಹೆಸರನ್ನು ಯೋಜನೆಯವರು ಜಗತ್ತಿಗೆಲ್ಲ ಹೇಳಿದರು. ಅದು ಹನ್ನೆರಡು ಜನರ ಗಿಡದ ಫೋಟೊ ಅಲ್ಲ.

ಆ್ಯಕ್ಟಿವಿಟಿ ಪಾಯಿಂಟ್ ಹಾಗಲ್ಲ. ಅದಿಲ್ಲದೆ ಡಿಗ್ರಿ ಕೈಗೆ ಬರುವುದಿಲ್ಲ. 100 ಮುಟ್ಟಿದ ದಿನ ಕೆಲಸ ನಿಲ್ಲುತ್ತದೆ, 101ನೇ ಪಾಯಿಂಟಿಗೆ ಯಾರೂ ಗಿಡ ನೆಡುವುದಿಲ್ಲ. ಇದನ್ನೇ ಸ್ಟ್ಯಾನ್‌ಫರ್ಡಿನಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಸಣ್ಣ ಮಕ್ಕಳಲ್ಲಿ ತೋರಿಸಿದ್ದು, 1973ರಲ್ಲಿ. ಸ್ಕೆಚ್ ಪೆನ್ನಿನಿಂದ ಚಿತ್ರ ಬಿಡಿಸಲು ಇಷ್ಟಪಡುವ ಮಕ್ಕಳಿಗೆ, ಚಿತ್ರ ಬಿಡಿಸಿದರೆ ರಿಬ್ಬನ್ ಹಚ್ಚಿದ ಸರ್ಟಿಫಿಕೇಟ್ ಕೊಡುತ್ತೇವೆ ಅಂತ ಮೊದಲೇ ಆಸೆ ತೋರಿಸಿದರು. ಕೆಲವು ದಿನದ ಮೇಲೆ ನೋಡಿದರೆ ಆ ಮಕ್ಕಳು ಪೆನ್ನು ಮುಟ್ಟುವ ಹೊತ್ತು ಉಳಿದವರ ಅರ್ಧಕ್ಕಿಳಿದಿತ್ತು. ಹೇಳದೆ ಕೇಳದೆ ಆಮೇಲೆ ಅದೇ ಸರ್ಟಿಫಿಕೇಟ್ ಪಡೆದ ಮಕ್ಕಳಿಗೆ ಏನೂ ಆಗಿರಲಿಲ್ಲ. ಕಾಗದ ಒಂದೇ. ಮೊದಲೇ ಮಾಡಿಕೊಂಡ ಒಪ್ಪಂದ ಕೆಡಿಸಿತು.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು 2014ರಲ್ಲಿ ಪ್ಲಾಸ್ ಒನ್ ಪತ್ರಿಕೆಯಲ್ಲಿ ಬಂದ ಪ್ರಬಂಧ. ಬರೆದವರು ಓಡೆಡ್ ನೋವ್, ಓಫರ್ ಅರಾಜಿ ಮತ್ತು ಬೋಯಿಂಕಿನ ಅದೇ ಆಂಡರ್ಸನ್. ಸ್ವಯಂಸೇವಕರಿಂದ ನಡೆಯುವ ಮೂರು ವಿಜ್ಞಾನ ಯೋಜನೆಗಳನ್ನು ನೋಡಿದ್ದಾರೆ. ಎಷ್ಟು ಕೆಲಸ ಮಾಡ್ತಾರೆ ಎಂಬುದಕ್ಕೆ ಕಾರಣ ಹಲವು: ಯೋಜನೆಯ ಗುರಿಯ ಮೇಲಿನ ನಂಬಿಕೆ, ಸುತ್ತಲಿನವರ ನಿರೀಕ್ಷೆ, ಹೆಸರು, ಕೆಲಸದ ಖುಷಿ. ಆದರೆ ಎಷ್ಟು ಚೆನ್ನಾಗಿ ಮಾಡ್ತಾರೆ ಎಂಬುದನ್ನು ಹೆಚ್ಚಿಸಿದ್ದು ಎರಡೇ, ಗುರಿಯ ಮೇಲಿನ ನಂಬಿಕೆ ಮತ್ತು ಹೆಸರು. ಮುಂಡಾಜೆಯವರ "ಕಾಣ್ತದಲ್ಲ" ನಮಗೆ ಅಲ್ಲಿ ಮತ್ತೆ ಕೇಳಿತು.

ನಮ್ಮ ವಿರುದ್ಧ ಇರುವ ಮಾತುಗಳನ್ನೂ ಹೇಳಬೇಕು, ಇಲ್ಲದಿದ್ದರೆ ಮುಂದಿನ ಸಂಚಿಕೆಯಲ್ಲಿ ನೀವೇ ಬರೆಯುತ್ತೀರಿ. ಒಂದು, ಇದು ಧರ್ಮಕ್ಕೆ ಆಗುವ ಕೆಲಸ ಅಲ್ಲ. ಒಂದು ಕಂಪ್ಯೂಟರು ಹೆಚ್ಚುವರಿ 100 ವಾಟ್ ತಿಂದರೂ 10 ಗಂಟೆಗೆ ಒಂದು ಯೂನಿಟ್. 60 ಕಂಪ್ಯೂಟರಿಗೆ 60 ಯೂನಿಟ್. ಯೂನಿಟ್ಟಿಗೆ ₹8 ಅಂತ ಹಿಡಿದರೆ ರಾತ್ರಿಗೆ ₹480. ಬಿಲ್ಲು ಕಟ್ಟುವುದು ಕಾಲೇಜು, ಹೆಸರು ನಮಗೆ. ಇದು ನ್ಯಾಯವಾದ ಆಕ್ಷೇಪ. ಹಾಗಾಗಿ 60 ಬೇಡ, 10 ಕಂಪ್ಯೂಟರು, ವಾರಕ್ಕೆ ಎರಡು ರಾತ್ರಿ ಸಾಕು ಅಂತ ನಾವು ಕೇಳುತ್ತಿದ್ದೇವೆ. ಖರ್ಚನ್ನೂ ಬಾಗಿಲಲ್ಲೇ ಬರೆದು ಹಾಕುತ್ತೇವೆ.

ಎರಡು, ಈ ಹಳೇ ಡಬ್ಬಿಗಳಿಂದ ಎಂತ ಆಗ್ತದೆ? ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವ ಗಿಂಪ್ಸ್ ಯೋಜನೆಯಲ್ಲಿ 1996ರಿಂದ ಮನೆಯ ಪಿಸಿಗಳೇ ದಾಖಲೆ ಮಾಡಿದ್ದವು. 2024ರ ಅಕ್ಟೋಬರಿನಲ್ಲಿ ಸಿಕ್ಕಿದ 4,10,24,320 ಅಂಕಿಗಳ ಸಂಖ್ಯೆಯನ್ನು ಹಿಡಿದದ್ದು ಒಬ್ಬರು ಹಲವು ದೇಶಗಳಲ್ಲಿ ಬಾಡಿಗೆಗೆ ಹಿಡಿದ ಕ್ಲೌಡ್ ಜಿಪಿಯುಗಳಿಂದ. ಇದಕ್ಕೆ ನಮ್ಮಲ್ಲಿ ಅರ್ಧ ಉತ್ತರ ಮಾತ್ರ ಉಂಟು. ಕೋವಿಡಿನ ಮಾರ್ಚ್-ಏಪ್ರಿಲ್ 2020ರಲ್ಲಿ ಫೋಲ್ಡಿಂಗ್ ಅಟ್ ಹೋಮ್‌ಗೆ ಜನ ನುಗ್ಗಿ ಎಕ್ಸಾಫ್ಲಾಪ್ ದಾಟಿಸಿದಾಗ ಜಗತ್ತಿನ ಯಾವ ಸೂಪರ್ ಕಂಪ್ಯೂಟರ್ ಪಟ್ಟಿಯಲ್ಲೂ ಅಂಥ ಯಂತ್ರ ಇರಲಿಲ್ಲ. ಫ್ರಾಂಟಿಯರ್ ಆ ಪಟ್ಟಿಗೆ ಬಂದದ್ದು 2022ರಲ್ಲಿ. ಉಳಿದರ್ಧ ಉತ್ತರ, ಕ್ಯೂ, ಶೆಡ್ಯೂಲರ್, ವ್ಯಾಲಿಡೇಶನ್ ಅಂತ ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್ ಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದನ್ನು ನಾವು ಒಮ್ಮೆ ಕೈಯಲ್ಲಿ ಮುಟ್ಟಿ ನೋಡಬಹುದು.

ಮೂರನೆಯದು ಕಷ್ಟದ್ದು. ಕಟ್ಟಕ್ಕೆ ಬರುವವರು ಕಡಿಮೆಯಾಗುತ್ತಿದ್ದಾರೆ. ಗೆಳೆಯನೇ ಹೇಳಿದ, ಅವನ ಅಜ್ಜನ ಕಾಲಕ್ಕೆ ಇದೇ ತೋಡಿನಲ್ಲಿ ಮೂರು ಕಟ್ಟ ಇತ್ತಂತೆ, ಈಗ ಒಂದೇ. ಮಕ್ಕಳು ಬೆಂಗಳೂರಿನಲ್ಲಿ, ಪಂಪು ಬೋರ್‌ವೆಲ್ಲಿನಲ್ಲಿ. ಕಾಣ್ತದೆ ಅನ್ನಲಿಕ್ಕೆ ನೋಡುವವರು ಊರಲ್ಲಿ ಇರಬೇಕಲ್ಲ? ಸರಕಾರ ಕಟ್ಟಿಸಿದ ಕಿಂಡಿ ಅಣೆಕಟ್ಟುಗಳಲ್ಲೂ ಹೊತ್ತಿಗೆ ಸರಿಯಾಗಿ ಹಲಗೆ ಹಾಕುವವರಿಲ್ಲದೆ ನೀರು ಹರಿದು ಹೋಗುವುದನ್ನು ನಮ್ಮ ಜಿಲ್ಲೆಯಲ್ಲಿ ನೋಡಿದ್ದೇವೆ. ಇದನ್ನು ಕಂಡೇ ಪಾಯಿಂಟಿನ ಪಂಗಡದವರು ಹೇಳುವುದು: ಮನಸ್ಸಿದ್ದವರಿಗೆ ಕಾಯುತ್ತ ಕೂತರೆ ಏನೂ ನಡೆಯುವುದಿಲ್ಲ, ಮೊದಲು ಹೇಗಾದರೂ ಜನ ಬರಲಿ. ಇದಕ್ಕೆ ನಾವು ಹೇಳುವುದಿಷ್ಟೇ, ಪಾಯಿಂಟಿಗೆ ಬೇರೆ ನೂರು ದಾರಿ ಉಂಟು. ಅಳಿದುಳಿದ ಒಂದೆರಡು ಕೆಲಸವಾದರೂ ಅದರ ಹೊರಗೆ ಇರಲಿ. ಸೋತರೆ ಸೋತೆವು. ಆದರೆ ಒಮ್ಮೆ ಪಾಯಿಂಟ್ ಕೊಟ್ಟು ಮುಂದಿನ ವರ್ಷ ತೆಗೆದರೆ ಏನಾಗ್ತದೆ ಅಂತ ಹೈಫಾದವರಿಗೂ ಗೊತ್ತು, ನಮ್ಮ ಚಹಾ ಫಂಡಿಗೂ ಗೊತ್ತು.

ಸದ್ಯ ಲ್ಯಾಬಿನ ಬಾಗಿಲಿಗೆ ಎರಡನೇ ಹಾಳೆ ಅಂಟಿಸಿದ್ದೇವೆ. ಕಂಪ್ಯೂಟರ್ ನಂಬರ್, ಜವಾಬ್ದಾರಿ ಯಾರದ್ದು, ಯಾವ ಯೋಜನೆ, ನಿನ್ನೆ ರಾತ್ರಿ ಎಷ್ಟು ತುಂಡು ಮುಗಿಯಿತು. ಎಚ್‌ಒಡಿ ಅವರ ಒಪ್ಪಿಗೆ ಇನ್ನೂ ಬರಬೇಕು, ಕರೆಂಟಿನ ಲೆಕ್ಕ ಕೇಳಿದ್ದಾರೆ, ಕೊಟ್ಟಿದ್ದೇವೆ. 10 ಕಂಪ್ಯೂಟರಿಗೆ ಇಲ್ಲಿಯವರೆಗೆ ಏಳು ಹೆಸರು ಬಂದಿದೆ. ಒಬ್ಬರು ಹೆಸರಿನ ಮುಂದೆ ಪೆನ್ಸಿಲಿನಲ್ಲಿ "ಪಾಯಿಂಟ್?" ಅಂತ ಬರೆದಿದ್ದರು, ಮರುದಿನ ಅದನ್ನು ಅವರೇ ಉಜ್ಜಿ ತೆಗೆದಿದ್ದಾರೆ. ಹೆಸರು ಹಾಗೇ ಉಂಟು. ಇನ್ನು ಮೂರು ಖಾಲಿ, ಬರುವ ಶುಕ್ರವಾರದವರೆಗೆ ಹಾಳೆ ಅಲ್ಲೇ ಇರುತ್ತದೆ.